ಹೆಸರು ಹಿಡಿದು ಓದಿದ ಮುಯ್ಯಿ

ರಾಗಿ ಹುರಿಯುವುದು ಕಣ್ಣಿನ ಕೆಲಸವಲ್ಲ, ಕಿವಿಯ ಕೆಲಸ ಎನ್ನುತ್ತಿದ್ದಳು ಬಚ್ಚಮ್ಮ. ಹಿಂದಿನ ದಿನವೇ ಮಜ್ಜಿಗೆ ನೀರು ಚಿಮುಕಿಸಿಟ್ಟ ರಾಗಿಯನ್ನು ಕಾದ ಬಾಣಲೆಗೆ ಹಿಡಿ ಹಿಡಿಯಾಗಿ ಹಾಕಿ, ತುದಿಗೆ ಬಟ್ಟೆ ಸುತ್ತಿದ ಕೋಲಿನಿಂದ ಆಡಿಸುತ್ತಾ ಕೂತರೆ, ಕಾಳು ಚಟಪಟನೆ ಸಿಡಿದು ಬೆಳ್ಳಗೆ ಅರಳುತ್ತದೆ.

"ರಾಗಿ ನಗಬೇಕು ಕಣೇ ರಮಾ. ನಗ್ತಾ ಇರೋವಾಗ್ಲೇ ಇಳಿಸಿಬಿಡಬೇಕು. ತಡ ಮಾಡಿದ್ಯೋ, ಸೀದು ಅಳಕ್ಕೆ ಶುರು ಮಾಡ್ತದೆ."

ಹುತ್ತೂರಿಗೆ ಸೊಸೆಯಾಗಿ ಬಂದ ರಮಾದೇವಿಗೆ ಹುರಿಹಿಟ್ಟು ಮಾಡುವುದನ್ನು ಕಲಿಸಿದವಳು ಪಕ್ಕದ ಮನೆಯ ಈ ಬಚ್ಚಮ್ಮನೇ. ರಮಾದೇವಿ ಈಗ ಅದನ್ನೇ ಪೊಟ್ಟಣ ಕಟ್ಟಿ ಮಾರುತ್ತಿದ್ದಳು. ಅಂಗಡಿ ಎಂದರೆ ಕೈಯಲ್ಲಿನ ಫೋನು, ಅದರಲ್ಲೊಂದು ಫೇಸ್‌ಬುಕ್ ಪೇಜು. ಮಗುವಿಗೆ ಹಿಟ್ಟನ್ನು ಎಷ್ಟು ತೆಳ್ಳಗೆ ಕಲಸಬೇಕು, ಬೆಲ್ಲ ಯಾವಾಗ ಹಾಕಬಹುದು ಎಂದು ಮಾಲೂರಿನಿಂದ, ಮುಳಬಾಗಿಲಿನಿಂದ, ಶ್ರೀನಿವಾಸಪುರದ ಕಡೆಯಿಂದ ಎಳೆ ಮಕ್ಕಳ ತಾಯಂದಿರು ಕೇಳುತ್ತಿದ್ದರು. ಸೊಂಟದ ಮೇಲೆ ಮಗಳನ್ನು ಕೂರಿಸಿಕೊಂಡೇ ರಮಾದೇವಿ ಅವರಿಗೆಲ್ಲ ಉತ್ತರ ಕೊಡುತ್ತಿದ್ದಳು. ಹುರಿಯುವ ಕೆಲಸ ಮಾತ್ರ ಬಚ್ಚಮ್ಮನದು. ಗ್ಯಾಸ್ ಒಲೆ ತಂದುಕೊಟ್ಟರೂ ಅವಳು ಅದನ್ನು ಮುಟ್ಟಲಿಲ್ಲ. ಗ್ಯಾಸಿನಲ್ಲಿ ರಾಗಿ ನಗುವುದಿಲ್ಲವಂತೆ. ಸೌದೆಯ ಹೊಗೆಯಲ್ಲೇ ಕೂತು ಕೆಮ್ಮುತ್ತಾ, ಕೆಮ್ಮಿಗೆ ಬೈಯುತ್ತಾ ಹುರಿಯುತ್ತಿದ್ದಳು.

ಮಾವು ಹೂವು ಬಿಡುವ ಹೊತ್ತಿಗೆ ಬಚ್ಚಮ್ಮ ಕೋಲಾರದ ಆಸ್ಪತ್ರೆಯಲ್ಲಿದ್ದಳು. ಒಲೆಯ ಹೊಗೆ ಕುಡಿದು ಕುಡಿದು ಶ್ವಾಸಕೋಶ ಒಣಗಿದೆ ಎಂದರು ಡಾಕ್ಟರು. ಗಾಳಿಯಿಂದ ಆಮ್ಲಜನಕ ತೆಗೆದುಕೊಡುವ ಒಂದು ಮಿಷನ್ನು ಮನೆಯಲ್ಲಿ ಇಟ್ಟುಕೊಳ್ಳುವುದಾದರೆ ಮನೆಗೆ ಕಳಿಸುತ್ತೇವೆ, ಇಲ್ಲದಿದ್ದರೆ ಇಲ್ಲೇ ಇರಬೇಕು ಎಂದರು. ಬಚ್ಚಮ್ಮನಿಗೆ ಉಳಿದದ್ದೇನೂ ಕಿವಿಗೆ ಬೀಳಲಿಲ್ಲ. ನೋಡಲು ಹೋದವರ ಸೆರಗು ಹಿಡಿದು ಒಂದೇ ಮಾತು: "ನನ್ನ ಮನೇಗೆ ಕರ್ಕೊಂಡು ಹೋಗ್ರೇ."

ಮಗ ಶ್ರೀಧರ್ ರೇಷ್ಮೆ ಹುಳು ಸಾಕುವವನು. ಸಾಕಿದ ಹುಳು ಆಗಷ್ಟೇ ಎರಡನೇ ಜ್ವರಕ್ಕೆ, ಅಂದರೆ ಪೊರೆ ಕಳಚುವ ನಿದ್ದೆಗೆ, ಮಲಗಿದ್ದವು. ಗೂಡು ಕಟ್ಟಿ, ಮಾರುಕಟ್ಟೆಗೆ ಹೋಗಿ, ಕೈಗೆ ಕಾಸು ಬರುವುದು ದೂರದ ಮಾತು. ಅವನು ಆಸ್ಪತ್ರೆಯ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತಿದ್ದನ್ನು ನೋಡಲಾರದೆ ರಮಾದೇವಿಯೇ ಹೇಳಿದಳು:

"ನಮ್ಮ ಪೇಜಲ್ಲಿ ಕೇಳೋಣ ಕಣೋ. ಅಜ್ಜಿ ಹುರಿದ ಹಿಟ್ಟು ತಿಂದ ಮಕ್ಕಳು ಎಷ್ಟಿಲ್ಲ? ಅವರಮ್ಮಂದಿರು ಇಲ್ಲ ಅಂತಾರಾ?"

ಅವರು ಇಲ್ಲವೆನ್ನಲಿಲ್ಲ. ಹತ್ತು, ಐವತ್ತು, ನೂರು ಎಂದು ರಮಾದೇವಿಯ ಫೋನಿಗೆ ಬರತೊಡಗಿತು. ಕೊಟ್ಟವರನ್ನು ಹೇಗೆ ನೆನೆಯುವುದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳ ಅಪ್ಪ ಅಶ್ವತ್ಥಪ್ಪ ಮಾಲೂರು ಸೀಮೆಯ ಮದುವೆಗಳಲ್ಲಿ ಮುಯ್ಯಿ ಓದುವುದಕ್ಕೇ ಹೆಸರಾದವನು. ಧಾರೆ ಮುಗಿದ ಮೇಲೆ ಮೈಕು ಹಿಡಿದು ಯಾವ ಊರಿನ ಯಾರು ಎಷ್ಟು ಕೊಟ್ಟರೆಂದು ಚಪ್ಪರವೆಲ್ಲ ಕೇಳುವಂತೆ ಓದುತ್ತಿದ್ದ. ಓದದೆ ಬಿಟ್ಟರೆ ಕೊಟ್ಟವರು ಊಟಕ್ಕೂ ನಿಲ್ಲದೆ ಎದ್ದು ಹೋಗುತ್ತಿದ್ದರು.

ರಮಾದೇವಿಯೂ ಹಾಗೆಯೇ ದೀಪ ಹಚ್ಚುವ ಹೊತ್ತಿಗೆ ಪೇಜಿನಲ್ಲಿ ಲೈವ್ ಬಂದು ಮುಯ್ಯಿ ಓದತೊಡಗಿದಳು. ಊರು, ಹೆಸರು, ಕೊಟ್ಟಿದ್ದೆಷ್ಟು ಎಲ್ಲವನ್ನೂ ಹೇಳಿ, ನಂಬಿಕೆಗಿರಲಿ ಎಂದು ದುಡ್ಡು ಬಂದ ಪರದೆಯನ್ನೂ ತೋರಿಸುತ್ತಿದ್ದಳು. ಒಂದು ವಿಷಯದಲ್ಲಿ ಮಾತ್ರ ಅಪ್ಪನ ದಾರಿ ಬಿಟ್ಟಳು. ಮದುವೆಮನೆಯಲ್ಲಿ ಹೆಂಗಸು ಕೊಟ್ಟರೂ ಓದುವುದು ಗಂಡನ ಹೆಸರನ್ನೋ ಮಗನ ಹೆಸರನ್ನೋ. ಇವಳು ಕೊಟ್ಟವಳ ಹೆಸರನ್ನೇ ಓದಿದಳು.

"ಮುಳಬಾಗಿಲಿನ ಕದಿರಮ್ಮನವರ ಮುಯ್ಯಿ, ಐವತ್ತೊಂದು ರೂಪಾಯಿ! ರಾಯಲ್ಪಾಡಿನ ವೆಂಕಟರತ್ನಮ್ಮನವರ ಮುಯ್ಯಿ, ನೂರಾ ಒಂದು!"

ಕೆಳಗೆ ಹೂವು, ಕೈಮುಗಿದ ಗುರುತುಗಳು ಸಾಲುಸಾಲಾಗಿ ಬೀಳುತ್ತಿದ್ದವು. "ಅಕ್ಕಾ, ಇನ್ನೊಂದ್ಸಲ ಓದಿ, ನಮ್ಮತ್ತೆ ಕೇಳಿಸ್ಕೊಳ್ಲಿಲ್ಲ" ಎಂದು ಒಬ್ಬಳು ಬರೆದರೆ, "ನಿಮ್ಮತ್ತೆ ಕೇಳಿಸ್ಕೊಳ್ಳೋವರ್ಗೂ ಓದ್ತೀನಿ ಬಿಡೇ" ಎಂದು ಇವಳು ನಗುತ್ತಿದ್ದಳು. ಆಸ್ಪತ್ರೆಯಲ್ಲಿ ಶ್ರೀಧರ್ ಫೋನನ್ನು ತಾಯಿಯ ಕಿವಿಗೆ ಹಿಡಿಯುತ್ತಿದ್ದ. ಬಚ್ಚಮ್ಮ ಕಣ್ಣು ಮುಚ್ಚಿ ಕೇಳುತ್ತಾ, "ನನ್ನ ಮದುವೇಲೂ ಇಷ್ಟು ಮುಯ್ಯಿ ಬಂದಿರ್ಲಿಲ್ಲ ಕಣ್ಲಾ" ಎಂದಳಂತೆ.

ರಮಾದೇವಿಯ ಗಂಡ ಸುಬ್ರಮಣಿ ನರಸಾಪುರದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಒಂದು ಸಂಜೆ ಊಟಕ್ಕೆ ಕೂತವನು ಆ ವಿಡಿಯೋ ನೋಡಿ ತುತ್ತು ನಿಲ್ಲಿಸಿದ.

"ಲೇ ರಮಾ, ಎಲ್ರ ಫೋನ್ ನಂಬರೂ ಕಾಣಿಸ್ತದಲ್ಲೇ ಇದರಲ್ಲಿ."

"ಕಾಣಿಸ್ಲಿ ಬಿಡಿ. ಮುಯ್ಯಿ ಯಾರಾದ್ರೂ ಮುಚ್ಚಿಟ್ಕೊಂಡು ಓದ್ತಾರಾ?"

"ಅದು ಚಪ್ಪರ ಕಣೇ. ಇದು ಊರಾಚೆಗಿನ ಬಯಲು. ಕೇಳೋರು ಯಾರು ಅಂತ ನಿಂಗೇನು ಗೊತ್ತು?"

"ನಮ್ಮ ತಾಯಂದ್ರೇ ಅಲ್ವಾ ಕೇಳೋದು? ಸಾರು ಆರ್ತದೆ, ಉಣ್ಣಿ ನೀವು."

ಅವನು ಉಂಡ. ಮಿಷನ್ನಿಗೆ ಬೇಕಾದಷ್ಟು ಕೂಡುವುದಕ್ಕೆ ಇನ್ನು ಸ್ವಲ್ಪವೇ ಬಾಕಿಯಿತ್ತು. ರಮಾದೇವಿ ಬಚ್ಚಮ್ಮನ ಮನೆಯ ನಡುಕೋಣೆಯನ್ನು ಸಾರಿಸಿ, ಮಂಚವನ್ನು ಕರೆಂಟಿನ ಪ್ಲಗ್ಗಿನ ಹತ್ತಿರಕ್ಕೆ ಎಳೆದು ಹಾಕಿ ಬಂದಳು.

ಮಾರನೆಯ ದಿನ ಬೆಳಿಗ್ಗೆ ಮಗಳಿಗೆ ತಲೆ ಬಾಚುತ್ತಿದ್ದಾಗ ಫೋನು ಬಂತು. ಆ ಕಡೆ ವಯಸ್ಸಾದ ಹೆಂಗಸಿನ ದನಿ, ಅರ್ಧ ತೆಲುಗು, ಅರ್ಧ ಕನ್ನಡ.

"ಅಮ್ಮಾ, ನಾನು ರಾಯಲ್ಪಾಡು ವೆಂಕಟರತ್ನಮ್ಮ. ಆ ಮಿಗಿಲಿದ ದುಡ್ಡು ವಾಪಸ್ ಕೊಡ್ತೀವಿ ಅಂದ್ರಲ್ಲ ನಿಮ್ಮೋರು, ಇನ್ನಾ ಬಂದಿಲ್ಲಮ್ಮ."

"ಯಾರಮ್ಮಾ ಹೇಳಿದ್ದು? ನಾವ್ಯಾರೂ ಹಾಗೆ ಹೇಳಿಲ್ವಲ್ಲ."

ಬಾಚಣಿಗೆ ಮಗುವಿನ ಕೂದಲಲ್ಲೇ ನಿಂತಿತು. ವೆಂಕಟರತ್ನಮ್ಮ ಒಂದೊಂದಾಗಿ ಹೇಳಿದಳು. ಯಾವನೋ ಒಬ್ಬ ತೆಲುಗಿನಲ್ಲೇ ಮಾತಾಡಿದನಂತೆ. ಹುರಿಹಿಟ್ಟಿನ ರಮಾದೇವಿಯವರ ಕಡೆಯವನು ಅಂದನಂತೆ. ಯಾವ ದಿನ ಎಷ್ಟು ಮುಯ್ಯಿ ಹಾಕಿದ್ದೆಂದು ಸರಿಯಾಗಿ ಹೇಳಿದನಂತೆ. ಅಜ್ಜಿಗೆ ಮಿಷನ್ನು ಬಂತು, ಮಿಕ್ಕಿದ್ದನ್ನು ಹಿಂದಕ್ಕೆ ಹಾಕುತ್ತೇವೆ, ಫೋನಿಗೆ ಬಂದ ಸಂದೇಶ ತೆರೆದು ನಿಮ್ಮ ಪಿನ್ನು ಒತ್ತಿ ಅಂದನಂತೆ. ಒತ್ತಿದಳು. ಟೊಮೆಟೊ ಮಾರಿ ಮೊಮ್ಮಗಳ ಕಾಲೇಜಿಗೆಂದು ಇಟ್ಟಿದ್ದದ್ದೆಲ್ಲ ಹೋಗಿತ್ತು. ಹೋಗಿದೆ ಎಂಬುದೇ ಅವಳಿಗೆ ಇನ್ನೂ ಪೂರ್ತಿ ತಿಳಿದಿರಲಿಲ್ಲ. ಬರುವುದು ತಡವಾಗಿದೆ ಎಂದುಕೊಂಡಿದ್ದಳು.

"ಗುರುತಿಲ್ಲದೋನು ಕೇಳಿದ್ರೆ ಹೇಗಮ್ಮಾ ಒತ್ತಿದ್ರಿ?" ಎಂದಳು ರಮಾದೇವಿ.

"ನುವ್ವೇ ಕದಮ್ಮಾ ನಾ ಪೇರು ಪಿಲಿಚಿಂದಿ?" ಎಂದಳು ವೆಂಕಟರತ್ನಮ್ಮ. ಮತ್ತೆ ಕನ್ನಡದಲ್ಲಿ, "ನೀನೇ ಅಲ್ವಾ ನನ್ನ ಹೆಸರು ಕರೆದಿದ್ದು? ನಮ್ಮ ಯಜಮಾನ್ರು ಹೋದ ಮೇಲೆ ನಾನು ಎಷ್ಟು ಮದುವೇಲಿ ಕೊಟ್ಟಿದೀನಿ. ಒಂದು ದಿನ ನನ್ನ ಹೆಸರು ಯಾರೂ ಓದ್ಲಿಲ್ಲ. ನೀನು ಓದಿದೆ. ನಿನ್ನ ಕಡೆಯೋನು ಅಂದ್ಮೇಲೆ ನಾನು ಅನುಮಾನ ಪಡ್ತೀನಾ ತಲ್ಲಿ?"

ರಮಾದೇವಿ ಬಾಚಣಿಗೆಯನ್ನು ಬಿಡಿಸಿ ಕೆಳಗಿಟ್ಟಳು. ಮುದುಕಿ ಬೈದಿದ್ದರೆ ಚೆನ್ನಾಗಿತ್ತು.

ಮಧ್ಯಾಹ್ನದೊಳಗೆ ಕದಿರಮ್ಮನ ಸೊಸೆಯೂ ಅದೇ ಕಥೆ ಹೇಳಿದಳು. ಸುಬ್ರಮಣಿ ರಜೆ ಹಾಕಿ ಬಂದು ಹೆಂಡತಿಯನ್ನು ಕೋಲಾರದ ಪೊಲೀಸರ ಹತ್ತಿರ ಕರೆದುಕೊಂಡು ಹೋದ. ಅಲ್ಲಿದ್ದ ಮಹಿಳಾ ಅಧಿಕಾರಿ ವಿಡಿಯೋಗಳನ್ನು ನೋಡಿ ನಿಟ್ಟುಸಿರು ಬಿಟ್ಟಳು.

"ಕಳ್ಳನ ಕೈಗೆ ಊರು, ಹೆಸರು, ನಂಬರು ಎಲ್ಲಾ ನೀವೇ ಕೊಟ್ಟಿದೀರಮ್ಮ. ಮೊದಲು ಇವನ್ನೆಲ್ಲಾ ಅಳಿಸಿ. ಇವತ್ತೇ ಎಲ್ರಿಗೂ ಹೇಳಿ, ಇಂಥ ಫೋನು ಬಂದ್ರೆ ನಂಬಬೇಡಿ ಅಂತ. ಅವನು ನಿಮ್ಮ ವಿಡಿಯೋ ನೋಡಿ ನಂಬರು ಬರ್ಕೊಂಡು ಒಬ್ಬೊಬ್ಬರಿಗೇ ಫೋನ್ ಮಾಡ್ತಾ ಇರ್ತಾನೆ. ಹೋದ ದುಡ್ಡು ತಡೆಯಕ್ಕೆ ಪ್ರಯತ್ನ ಮಾಡ್ತೀವಿ. ಆದ್ರೆ ಆಗಲೇ ತಡ ಆಗಿದೆ."

ಹೊರಗೆ ಹುಣಸೆ ಮರದ ಕೆಳಗೆ ಶ್ರೀಧರ್ ಕಾಯುತ್ತಿದ್ದ. ವಿಷಯವೆಲ್ಲ ಕೇಳಿದ ಮೇಲೆ ಅವನು ಚಪ್ಪಲಿಯಿಂದ ಮಣ್ಣು ಕೆದಕಿದ.

"ವಿಡಿಯೋ ಅಳಿಸಿಬಿಡಿ ಅಕ್ಕ. ಹೇಳೋದು ಮಾತ್ರ ಸ್ವಲ್ಪ ತಡೀರಿ. ಮುಂದಿನ ಸೋಮವಾರದವರೆಗೆ."

"ಯಾಕೋ?"

"ಸಂತೆ ದಿನ ಜನರ ಕೈಲಿ ಕಾಸಿರ್ತದೆ, ಇನ್ನೊಂದಷ್ಟು ಬರ್ತದೆ. ಮಿಷನ್ನಿನೋನು ಸೋಮವಾರ ತಂದು ಹಾಕ್ತೀನಿ ಅಂದವ್ನೆ. ಅಮ್ಮ ಮನೇಗೆ ಬಂದ್ಮೇಲೆ ಹೇಳಿ. ಈಗ ಹೇಳಿದ್ರೆ ಯಾರಕ್ಕಾ ಕೊಡ್ತಾರೆ? ಕೊಟ್ಟೋರೂ ವಾಪಸ್ ಕೇಳ್ತಾರೆ."

"ಅಷ್ಟರಲ್ಲಿ ಇನ್ನೊಬ್ಬರು ಪಿನ್ನು ಒತ್ತಿದ್ರೆ?"

"ಒತ್ತದೇ ಇರಬಹುದಲ್ವಾ?" ಅವನು ತಲೆ ಎತ್ತಿದ. "ಅಕ್ಕಾ, ನಿಮ್ಮ ಹಿಟ್ಟಿಗೇ ಅಲ್ವಾ ಅವಳು ಹೊಗೆ ಕುಡಿದಿದ್ದು?"

ರಮಾದೇವಿ ಮಗಳನ್ನೆತ್ತಿಕೊಂಡು ನಿಲ್ದಾಣದ ಕಡೆಗೆ ನಡೆದಳು. ಬಸ್ಸಿನಲ್ಲಿ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕಿಟಕಿಯಾಚೆ ನೋಡುತ್ತಾ ಕೂತಳು. ಸೋಮವಾರವೆಂದರೆ ಎಷ್ಟು ದೂರ? ಒಂದು ಕೈಯ ಬೆರಳುಗಳಲ್ಲಿ ಮುಗಿಯುವಷ್ಟು. ಬಚ್ಚಮ್ಮ ಬಂದು ಆ ಮಂಚದ ಮೇಲೆ ಕಾಲು ಚಾಚುತ್ತಾಳೆ. ಆದರೆ ಈ ಹೊತ್ತಿನಲ್ಲೇ ಯಾವುದೋ ಊರಿನಲ್ಲಿ ಒಬ್ಬಳು ಸೆರಗಿಗೆ ಕೈ ಒರೆಸಿಕೊಂಡು ಫೋನು ಎತ್ತುತ್ತಿರಬಹುದು. ರಮಾದೇವಿಯ ಹೆಸರು ಕೇಳಿದ ಕೂಡಲೇ ಅವಳ ಮುಖ ಅರಳುತ್ತಿರಬಹುದು.

ದೀಪ ಹಚ್ಚುವ ಹೊತ್ತಿಗೆ ಅವಳು ಲೈವ್ ಬಂದಳು. ತಲೆ ಬಾಚಿರಲಿಲ್ಲ.

"ಇವತ್ತು ಮುಯ್ಯಿ ಓದಲ್ಲ. ನಾನೊಂದು ತಪ್ಪು ಮಾಡಿದೀನಿ. ನಿಮ್ಮ ನಂಬರುಗಳನ್ನ ಎಲ್ಲರಿಗೂ ತೋರಿಸಿಬಿಟ್ಟಿದೀನಿ. ನನ್ನ ಹೆಸರು ಹೇಳ್ಕೊಂಡು ಯಾರು ಫೋನ್ ಮಾಡಿದ್ರೂ ನಂಬಬೇಡಿ. ದುಡ್ಡು ಬರೋದಕ್ಕೆ ಪಿನ್ನು ಒತ್ತೋ ಅವಶ್ಯಕತೆಯೇ ಇಲ್ಲ. ನಿಮ್ಮ ಅಕ್ಕಪಕ್ಕದೋರಿಗೂ ಹೇಳಿ. ಕೊಟ್ಟಿದ್ದು ವಾಪಸ್ ಬೇಕು ಅನ್ನೋರು ನನ್ನ ಕೇಳಿ, ಕೊಡ್ತೀನಿ."

ಈ ಸಲ ಕೆಳಗೆ ಹೂವು ಬೀಳಲಿಲ್ಲ. ಕೆಲವರು ಪಾಪ ಎಂದರು. ಹೆಚ್ಚಿನವರು ಬೇರೆ ಮಾತಾಡಿದರು. ಅಜ್ಜಿ ನಿಜವಾಗಲೂ ಇದ್ದಾಳಾ ಎಂದು ಒಬ್ಬ ಕೇಳಿದ. ಕಳ್ಳನೂ ಇವಳ ಪಾಲುದಾರನೇ ಇರಬೇಕು ಎಂದು ಇನ್ನೊಬ್ಬ ಬರೆದ. ಬೇಡ ಬೇಡವೆಂದರೂ ರಮಾದೇವಿ ಎಲ್ಲವನ್ನೂ ಓದಿದಳು. ಅವುಗಳ ನಡುವೆ ಹೊಳಲಿಯ ಸುನಂದ ಎಂಬವಳು ಬರೆದಿದ್ದಳು: "ಅಕ್ಕಾ, ಅವನು ಈಗ ನನ್ನ ಲೈನಲ್ಲೇ ಇದ್ದ. ನಿಮ್ಮ ಮಾತು ಕೇಳಿ ಕಟ್ ಮಾಡಿದೆ."

ಶ್ರೀಧರ್ ಹೇಳಿದಂತೆಯೇ ಆಯಿತು. ಹೊಸದಾಗಿ ಯಾರೂ ಕೊಡಲಿಲ್ಲ. ಕೊಟ್ಟಿದ್ದವರಲ್ಲಿ ಬಹಳ ಮಂದಿ ಹಿಂದಕ್ಕೆ ಕೇಳಿದರು. ಕೇಳಿದವರಿಗೆಲ್ಲ ರಮಾದೇವಿ ಹಿಂದಿರುಗಿಸಿದಳು. ಕೂಡಿದ್ದು ಕರಗಿತು. ಸುಬ್ರಮಣಿ ಕಾರ್ಖಾನೆಯಲ್ಲಿ ಸಂಬಳದ ಮೇಲೆ ಮುಂಗಡ ಕೇಳಿದ; ಕೊಡುತ್ತೇವೆ, ಆದರೆ ತಿಂಗಳ ಕೊನೆಗೆ ಎಂದರು.

ರಮಾದೇವಿ ಆಸ್ಪತ್ರೆಗೆ ಹೋದಾಗ ಬಚ್ಚಮ್ಮ ಮುಖದ ಮೇಲಿನ ಕೊಳವೆಯನ್ನು ಸ್ವಲ್ಪ ಸರಿಸಿ ಕೇಳಿದಳು:

"ಯಾಕೇ... ಮುಯ್ಯಿ ಓದ್ತಿಲ್ಲ? ಇವನು ಕರೆಂಟಿಲ್ಲ ಅಂತಾನೆ... ನೆಟ್ಟಿಲ್ಲ ಅಂತಾನೆ..."

ಸುಳ್ಳು ಹೇಳಬಹುದಿತ್ತು. ರಮಾದೇವಿ ಮುದುಕಿಯ ಕಾಲು ನೀವುತ್ತಾ, ಮಕ್ಕಳಿಗೆ ಹೇಳುವ ಹಾಗೆ ನಿಧಾನವಾಗಿ ಎಲ್ಲವನ್ನೂ ಹೇಳಿದಳು. ಬಚ್ಚಮ್ಮ ಅವಳ ತುಟಿಗಳನ್ನೇ ನೋಡುತ್ತಿದ್ದಳು. ಕಳ್ಳನಿಗೆ ಬೈಯುತ್ತಾಳೆ, ಇಲ್ಲವೇ ತನಗಾದರೂ ಬೈಯುತ್ತಾಳೆ ಎಂದುಕೊಂಡಿದ್ದಳು ರಮಾದೇವಿ.

"ಹಂಗಾದ್ರೆ... ನಾನು ಮನೇಗೆ ಬರಲ್ವಾ?"

"ತಿಂಗಳ ಕೊನೇಲಿ ಬರ್ತೀಯ ಅಜ್ಜಿ. ನಮ್ಮನೆಯೋರಿಗೆ ದುಡ್ಡು ಬರ್ತದೆ."

"ಹ್ಞೂಂ" ಎಂದು ಬಚ್ಚಮ್ಮ ಗೋಡೆಯ ಕಡೆಗೆ ಮುಖ ತಿರುಗಿಸಿದಳು.

ತಿಂಗಳು ಮುಗಿಯಲಿಲ್ಲ. ಒಂದು ಬೆಳಿಗ್ಗೆ, ವಾರ್ಡಿನವರಿಗೆ ಇಡ್ಲಿ ಹಂಚುವ ಹೊತ್ತಿನಲ್ಲಿ ಬಚ್ಚಮ್ಮ ಹೋಗಿಬಿಟ್ಟಳು. ಮನೆಗೆ ಬಂದಳು, ಬಂದಿದ್ದು ಹಾಗೆ. ಮಂಚವನ್ನು ಪ್ಲಗ್ಗಿನ ಹತ್ತಿರದಿಂದ ಎತ್ತಿ ಅಂಗಳದಲ್ಲಿ ಹಾಕಿದರು.

ಕಾರ್ಯದ ದಿನ ರಮಾದೇವಿ ಹಿಂದಿನ ಬಾಗಿಲಿನಿಂದ ಹೋಗಿ, ಯಾರೂ ಕರೆಯದಿದ್ದರೂ ಪಾತ್ರೆ ತೊಳೆದಳು, ಎಲೆ ತೆಗೆದಳು, ಹೆಂಗಸರ ಪಿಸುಮಾತು ಕೇಳಿಸದವಳಂತೆ ಸೌತೆಕಾಯಿ ಹೆಚ್ಚಿದಳು. ಎಲ್ಲ ಮುಗಿಸಿ ಮನೆಗೆ ಹೊರಟಾಗ, ಎರಡು ಮನೆಗಳ ನಡುವಿನ ಓಣಿಯಲ್ಲಿ ಶ್ರೀಧರ್ ಎದುರಾದ. ತಲೆ ಬೋಳಿಸಿಕೊಂಡಿದ್ದ. ಕಂಕುಳಲ್ಲಿ ಹುಳುಗಳಿಗೆ ಕೊಯ್ದ ಹಿಪ್ಪುನೇರಳೆ ಸೊಪ್ಪಿನ ಹೊರೆ. ಸಾವಿನ ಮನೆಯೆಂದು ಹುಳುಗಳು ಉಪವಾಸ ಇರುವುದಿಲ್ಲವಲ್ಲ.

"ಶ್ರೀಧರ..." ಎಂದಳು.

ಅವನು ನಿಂತ. ಅವಳನ್ನು ನೋಡದೆ ಸೊಪ್ಪನ್ನೇ ನೋಡುತ್ತಾ ಹೇಳಿದ:

"ನೀವು ಮಾಡಿದ್ದು ಸರಿ ಅಕ್ಕ. ನಂಗೊತ್ತು. ಆ ಹೊಳಲಿಯೋರು ಬರೆದಿದ್ದನ್ನೂ ಓದಿದೀನಿ." ಹೊರೆಯನ್ನು ಇನ್ನೊಂದು ಕಂಕುಳಿಗೆ ಬದಲಿಸಿದ. "ಗೊತ್ತಿದ್ರೂ ನಿಮ್ಮ ಮುಖ ನೋಡಕ್ಕೆ ಆಗ್ತಾ ಇಲ್ಲ. ಸ್ವಲ್ಪ ದಿನ ಬಿಟ್ಟುಬಿಡಿ ನನ್ನ."

ಓಣಿ ಕಿರಿದು. ಹೊರೆ ಹೊತ್ತವನಿಗೆ ಜಾಗ ಸಾಲದು. ರಮಾದೇವಿ ಸೆರಗನ್ನು ಮೈಗೆ ಸುತ್ತಿಕೊಂಡು ಗೋಡೆಗೆ ಅಂಟಿ ನಿಂತು, ಅವನು ದಾಟಿ ಹೋಗಲು ದಾರಿ ಬಿಟ್ಟಳು.