ಗುರುಸಿದ್ದವ್ವನ ಕಾಲಿಗೆ ಗೊತ್ತಿದ್ದ ಕಲ್ಲು

ನಾನು ಶಹಾಬಾದಿನ ಗಣಿಯಲ್ಲಿ ಸೀಳಿ ತೆಗೆದ, ನೆಲಕ್ಕೆ ಹಾಸುವ ಒಂದು ಪರಸಿ ಕಲ್ಲು. ನನ್ನ ಜೊತೆಯವರೆಲ್ಲ ನುಣ್ಣಗೆ ಎದ್ದು ಬಂದರು. ನಾನು ಮಾತ್ರ ಮೈತುಂಬ ಏರಿಳಿತ ಹೊತ್ತು ಬಂದೆ. ಲಾರಿಯಲ್ಲಿ ಗದಗಿನ ಕಲ್ಲಿನ ಅಂಗಡಿಗೆ ಬಂದ ಮೇಲೆ ನನ್ನನ್ನು ಹಿಂದಿನ ರಾಶಿಗೆ ಒಗೆದರು. ಬಂದ ಗಿರಾಕಿಗಳೆಲ್ಲ ನನ್ನನ್ನು ನೋಡಿ ಮೂಗು ಮುರಿದದ್ದೇ ಬಂತು. ನನ್ನ ಹಣೆಬರಹ ಇಷ್ಟೇ ಎಂದು ನಾನೂ ಬಿದ್ದುಕೊಂಡಿದ್ದೆ.

ಆಗ ಬಂದವನು ರಾಚಪ್ಪ. ಹತ್ತಿ ಗಿರಣಿಯಲ್ಲಿ ಫಿಟರ್ ಆಗಿದ್ದು ನಿವೃತ್ತನಾದ ಮನುಷ್ಯ, ಮಾತು ಕಡಿಮೆ. ಬಂದವನೇ ಚಪ್ಪಲಿ ಬಿಟ್ಟ, ಕಣ್ಣು ಮುಚ್ಚಿದ, ಒಂದೊಂದೇ ಕಲ್ಲಿನ ಮೇಲೆ ಹತ್ತಿ ನಿಂತ. ಅಂಗಡಿಯವನಿಗೆ ನಗು ತಡೆಯಲಿಲ್ಲ.

"ಏನ್ರಿ ಯಜಮಾನ್ರ, ಕಲ್ಲ ಕಣ್ಣೀಲೆ ನೋಡ್ತಾರ. ನೀವು ಕಾಲೀಲೆ ನೋಡಾಕತ್ತೀರಲ್ಲ."

"ನನ್ನ ಕಾಲಿಗೆ ಬುದ್ಧಿ ಜಾಸ್ತಿ ಐತಿ, ಬಿಡು," ಎಂದ ರಾಚಪ್ಪ. ನನ್ನ ಮೇಲೆ ಬಂದಾಗ ಬಹಳ ಹೊತ್ತು ನಿಂತ. "ಇದನ್ನ ಮದಲ ಗಾಡಿಗೆ ಹಾಕು."

ಅಂಗಡಿಯವನಿಗೆ ಅವನು ಹೇಳದ ಸಂಗತಿ ನನಗೆ ಅವನ ಹಿತ್ತಲಲ್ಲಿ ತಿಳಿಯಿತು. ಅವನ ಹೆಂಡತಿ ಗುರುಸಿದ್ದವ್ವನಿಗೆ ಕಣ್ಣು ಪೂರ್ತಿ ಹೋಗಿತ್ತು. ನರ ಒಣಗಿದೆ, ಇನ್ನು ಬರುವುದಿಲ್ಲ ಎಂದು ಡಾಕ್ಟರು ಕೈಚೆಲ್ಲಿದ್ದರು. ಮನೆಯೊಳಗೆ ಡಬ್ಬಿ, ಗೋಡೆ, ಹೊಸ್ತಿಲು ಎಲ್ಲವೂ ಆಕೆಯ ಕೈಗೆ ಗೊತ್ತಿದ್ದವು. ಹಿತ್ತಲಿಗೆ ಇಳಿದರೆ ಮಾತ್ರ ದಿಕ್ಕು ತಪ್ಪುತ್ತಿತ್ತು. ಆದರೂ ಈ ವಿಷಯ ಯಾರಿಗೂ, ಹೊರಗಿನ ಊರಲ್ಲಿದ್ದ ಮಗಳು ಮಹಾನಂದಾಳಿಗೂ ತಿಳಿಯಕೂಡದು ಎಂದು ಗಂಡನಿಂದ ಆಣೆ ಮಾಡಿಸಿಕೊಂಡಿದ್ದಳು.

"ಗೊತ್ತಾತಂದ್ರ ಒಲಿ ಮುಂದಿಂದ ಎಬ್ಬಿಸಿ ಒಂದ ಕಡೆ ಕುಂದರಸ್ತಾರ್ರಿ. ಹಂಗ ಕುಂತು ಉಣ್ಣೋದಕ್ಕಿಂತ ಸಾಯೋದು ಛಲೋ."

ಅದಕ್ಕೇ ಕಲ್ಲು ಹಾಸಲು ಗೌಂಡಿಯನ್ನು ಕರೆಯಲಿಲ್ಲ. ರಾಚಪ್ಪ ತಾನೇ ನೆಲ ಅಗೆದ, ಮಣ್ಣು ಬಡಿದು ಗಟ್ಟಿ ಮಾಡಿದ, ಉಸುಕು ಹಾಸಿದ, ಮಳೆನೀರು ಮನೆಗೆ ಬಾರದಂತೆ ಇಳಿಜಾರು ಕೊಟ್ಟ. ಕಲ್ಲು ಕೂಡಿಸಿ, ಹೆಂಡತಿಯನ್ನು ಬರಿಗಾಲಲ್ಲಿ ನಡೆಸಿ, ಆಕೆ ತಡವರಿಸಿದಲ್ಲಿ ಕಿತ್ತು ಮತ್ತೆ ಕೂಡಿಸಿದ. ದಾರಿಗೆ ನುಣುಪು ಕಲ್ಲು, ನಳದ ಕಡೆ ತಿರುಗುವಲ್ಲಿ ಗೀರು ಗೀರಿನ ಕಲ್ಲು. ಬೇವಿನ ಮರದ ಕಟ್ಟೆಯ ಮುಂದೆ ನಾನು. ನನ್ನ ಮೇಲೆ ಕಾಲು ಬಿತ್ತೆಂದರೆ ನಿಲ್ಲಬೇಕು, ತಿರುಗಬೇಕು, ಕೂಡಬೇಕು. ಮೊದಲ ಸಲ ಒಬ್ಬಳೇ ಬಂದು, ನನ್ನನ್ನು ಮೆಟ್ಟಿ, ಕಟ್ಟೆಯ ಮೇಲೆ ಕೂತ ದಿನ ಗುರುಸಿದ್ದವ್ವ ಹುಡುಗಿಯ ಹಾಗೆ ನಕ್ಕಳು. ನನಗಂತೂ ಸ್ವರ್ಗಕ್ಕೆ ಮೂರೇ ಗೇಣು. ದಿನಾ ಅಲ್ಲೇ ಕೂತು ಸೊಪ್ಪು ಸೋಸುತ್ತಿದ್ದಳು, ಗೋಡೆಯಾಚೆಯ ಹೆಂಗಸರೊಡನೆ ಹರಟುತ್ತಿದ್ದಳು. ಯಾರಿಗೂ ಅನುಮಾನ ಬರಲಿಲ್ಲ.

ಒಂದು ಚಳಿಗಾಲ, ಎದೆನೋವೆಂದು ಮಲಗಿದ ರಾಚಪ್ಪ ಏಳಲಿಲ್ಲ. ಮಹಾನಂದಾ ಬಂದು ಅವ್ವನ ಜೊತೆಗೇ ಉಳಿದಳು. ಅವ್ವ ಎತ್ತಲೋ ಮುಖ ಮಾಡಿ ಕೂತರೆ, ಪಾಪ, ದುಃಖಕ್ಕೆ ಹೀಗಾಗಿದ್ದಾಳೆ ಎಂದುಕೊಂಡಳು. ಒಳ್ಳೆಯ ಮಗಳು, ಅದರಲ್ಲಿ ಎರಡು ಮಾತಿಲ್ಲ. ಆ ಒಳ್ಳೆಯತನವೇ ನಮಗೆ ಮುಳುವಾಯಿತು.

"ಅವ್ವಾ, ಹಿತ್ತಲದಾಗಿನ ಕಲ್ಲ ನಿನ್ನ ಕಾಲಿಗೆ ಚುಚ್ಚತಾವ. ಒಂದೂ ಒಂದರಂಗಿಲ್ಲ. ಕೀಳಿಸಿ ಚಂದಂಗ ಟೈಲ್ಸ್ ಹಾಕಸ್ತೀನಿ."

ಗುರುಸಿದ್ದವ್ವನ ಮುಖ ಬಿಳಿಚಿತು. "ಬ್ಯಾಡವ್ವಾ. ನಿಮ್ಮಪ್ಪ ಹಾಕಿದ್ದು."

"ಅಪ್ಪನ ನೆನಪಿಗೆ ಒಂದ ಕಲ್ಲ ಇಟಗೊಳ್ಳೋಣು. ಯಾವುದು ಹೇಳು."

ಬಾಯಿ ಬಿಟ್ಟು ನಿಜ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹೇಳಲಿಲ್ಲ ಮಹಾರಾಯ್ತಿ. "ಬೇವಿನ ಗಿಡದ ಮುಂದಿಂದು," ಎಂದಳು. ನನ್ನನ್ನು ಇದ್ದಲ್ಲೇ ಬಿಡುತ್ತಾರೆ ಎಂದುಕೊಂಡಿದ್ದಳು.

ಕೆಲಸದವರು ಉಳಿದ ಕಲ್ಲುಗಳನ್ನು ಟ್ರ್ಯಾಕ್ಟರಿಗೆ ತುಂಬಿ ಒಯ್ದರು. ನನ್ನನ್ನು ಮಹಾನಂದಾ ತೊಳೆಸಿ, ಹಿಂಬಾಗಿಲ ಪಕ್ಕದ ಗೋಡೆಗೆ ಎತ್ತಿ ನಿಲ್ಲಿಸಿ ಸಿಮೆಂಟು ಹಾಕಿಸಿದಳು. ವಿಭೂತಿ ಹಚ್ಚಿ ಹೂವಿಟ್ಟಳು. ಕಾಲಿಗೆಂದೇ ಇದ್ದ ನನಗೆ ಹೂವು ಯಾಕೆ ಬೇಕಿತ್ತು?

ಹೊಸ ನೆಲ ಥಳಥಳ ಹೊಳೆಯಿತು. ಗುರುಸಿದ್ದವ್ವ ಒಂದು ಬೆಳಿಗ್ಗೆ ಹೊಸ್ತಿಲು ದಾಟಿ ಕಾಲಿಟ್ಟಳು. ಹೆಬ್ಬೆರಳಿನಿಂದ ಆಚೆ ತಡವಿದಳು, ಈಚೆ ತಡವಿದಳು. ಎಲ್ಲ ಕಡೆ ಒಂದೇ ನುಣುಪು. ಗೋಡೆ ಹಿಡಿದು ಒಳಗೆ ಹೋದವಳು ಮತ್ತೆ ಬರಲಿಲ್ಲ.

"ಬಾರವ್ವಾ, ಸ್ವಲ್ಪ ಗಾಳಿಗೆ ಕುಂದರು," ಎಂದು ಮಗಳು ಹಿತ್ತಲಿಂದ ಕರೆದಳು.

ಬಾಗಿಲಲ್ಲೇ ನಿಂತು ಅವ್ವ ನೆಪ ಹೇಳಿದಳು: "ಬ್ಯಾಡವ್ವಾ. ಮೋಡ ಭಾಳ ಕವದೈತಿ, ಮಳಿ ಬಂದೀತು."

ಆಕಾಶದಲ್ಲಿ ಒಂದು ತುಣುಕು ಮೋಡವಿರಲಿಲ್ಲ. ಮಹಾನಂದಾ ಮೇಲೆ ನೋಡಿದಳು. ಆಮೇಲೆ ಹತ್ತಿರ ಬಂದು ಅವ್ವನ ಕಣ್ಣ ಮುಂದೆ ಮೆಲ್ಲಗೆ ಕೈಯಾಡಿಸಿದಳು. ನನ್ನ ಪಕ್ಕದಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪ ಯಾಕೆ ಅಂಥ ಒರಟು ಕಲ್ಲು ಹಾಸಿದ್ದ ಎಂಬುದು ಆಗ ಹೊಳೆಯಿತು.

"ಹೇಳಬಾರದಿತ್ತೇನವ್ವಾ? ಯಾವ ಕಲ್ಲ ಎಲ್ಲಿತ್ತು ಹೇಳು, ಹಂಗ ಮತ್ತ ಹಾಕಸ್ತೀನಿ."

"ನನ್ನ ಕಾಲಿಗೆ ಗೊತ್ತಿತ್ತವ್ವಾ," ಎಂದಳು ಗುರುಸಿದ್ದವ್ವ. "ಬಾಯೀಲೆ ಹೇಳಾಕ ಬರಂಗಿಲ್ಲ."

ಈಗ ಮಹಾನಂದಾ ಆಕೆಯನ್ನು ಒಲೆಯ ಹತ್ತಿರ ಬಿಡುವುದಿಲ್ಲ. ಗೋಡೆಯ ಆ ಕಡೆ ಮಣೆ ಹಾಕಿ ಕೂಡಿಸಿದ್ದಾಳೆ. ಈ ಕಡೆ ನಾನಿದ್ದೇನೆ. ಆಕೆಗೆ ಹೊತ್ತು ಹೊತ್ತಿಗೆ ಬಿಸಿ ಊಟ, ನನಗೆ ದಿನಾ ಹೂವು. ಇಬ್ಬರನ್ನೂ ಬಹಳ ಚೆನ್ನಾಗಿ ನೋಡಿಕೊಳ್ಳುತ್ತಾಳೆ. ನಮಗಿಬ್ಬರಿಗೂ ಇನ್ನು ಮಾಡಲು ಕೆಲಸವಿಲ್ಲ.