ಯಾರ ಕಡೆಯವರು

"ನೀವು ಹುಡುಗನ ಕಡೆಯವರೋ, ಹುಡುಗಿ ಕಡೆಯವರೋ?" ಎಂದು ಕೇಳಿದ ಹೆಂಗಸು ಉತ್ತರಕ್ಕೂ ಕಾಯದೆ ನಿಗಾರಳ ಹೆಗಲಿಗೆ ಟವೆಲು ಹೊದಿಸಿಬಿಟ್ಟಳು. "ಯಾರ ಕಡೆಯವರಾದ್ರೇನು, ಮೊದಲು ಮೈ ಒರೆಸ್ಕೊಳ್ಳಿ ಚಿಕ್ಕಮ್ಮ. ಚಹಾ ತರ್ತೀನಿ."

ನಿಗಾರ್ ಆಗಷ್ಟೇ ಸಮುದ್ರದಿಂದ ಏಣಿ ಹತ್ತಿ ಬಂದಿದ್ದಳು. ಕನ್ನಡಕವನ್ನು ಗಂಡನ ಕೈಗೆ ಕೊಟ್ಟು ಈಜಲು ಇಳಿದಿದ್ದರಿಂದ ಎದುರಿಗಿದ್ದವರೆಲ್ಲ ಬರೀ ಬಣ್ಣದ ಮಸುಕುಗಳು. ಆದರೂ ಏನೋ ಎಡವಟ್ಟಾಗಿದೆ ಎನ್ನುವುದು ತಿಳಿಯಿತು. ಕಡಲೂರು ಫೆತಿಯೆಯಿಂದ ಬೆಳಿಗ್ಗೆ ಅವಳೂ ಗಂಡನೂ ಹೊರಟ ದೋಣಿಯಲ್ಲಿದ್ದದ್ದು ಹನ್ನೆರಡೇ ಜನ ಪ್ರವಾಸಿಗರು, ಯಾರೂ ಯಾರನ್ನೂ ಮಾತಾಡಿಸುತ್ತಿರಲಿಲ್ಲ. ಇಲ್ಲಿ ಕ್ಲಾರಿನೆಟ್ಟಿನ ಸದ್ದು, ಮಕ್ಕಳ ಕಿರುಚಾಟ. ಕೊಲ್ಲಿಯಲ್ಲಿ ಲಂಗರು ಹಾಕಿದ್ದ ಮೂರು ದೋಣಿಗಳದ್ದೂ ಒಂದೇ ಬಿಳಿ ಬಣ್ಣ, ಒಂದೇ ನೀಲಿ ಚಪ್ಪರ. ಅವಳು ಯಾರದೋ ನಿಶ್ಚಿತಾರ್ಥಕ್ಕೆ ಹತ್ತಿಬಿಟ್ಟಿದ್ದಳು.

ಹೇಳಿಬಿಡೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಚಹಾ ಬಂತು. ಚಹಾದ ಹಿಂದೆಯೇ ದ್ರಾಕ್ಷಿ ಎಲೆಯಲ್ಲಿ ಸುತ್ತಿದ ಅನ್ನದ ತಟ್ಟೆ ಬಂತು. ಹುಡುಗನ ಕಡೆಯವರಿಗೆ ಅವಳು ಹುಡುಗಿಯ ಪೈಕಿ, ಹುಡುಗಿ ಕಡೆಯವರಿಗೆ ಹುಡುಗನ ಪೈಕಿ. ಕೇಳಿದರೆ ಎದುರು ಕಡೆಯವರಿಗೆ ಬೇಜಾರಾದೀತೆಂದು ಎರಡೂ ಕಡೆಯವರು ಕೇಳಲಿಲ್ಲ.

ನಿಜವೆಂದರೆ ನಿಗಾರಳಿಗೆ ವಾಪಸು ಹೋಗುವ ಅವಸರವೂ ಇರಲಿಲ್ಲ. ಬೆಳಗಿನ ತಿಂಡಿಯ ಹೊತ್ತಿಗೆ ಗಂಡ ಫೆರ್ರುಹ್ ಆಲಿವ್ ಬೀಜವನ್ನು ತಟ್ಟೆಯಂಚಿಗಿಡುತ್ತ ಹೇಳಿದ್ದ: "ಎಸ್ಕಿಶೆಹಿರ್ ಬಿಟ್ಟು ಇಲ್ಲೇ ಇದ್ದುಬಿಡೋಣ ಕಣೇ. ಮನೆ ನೋಡಿದ್ದೀನಿ. ಸಂಜೆ ಮನೆ ಮಾಲೀಕರಿಗೆ ಹೂಂ ಅನ್ಬೇಕು. ಏನಂತೀಯ? ನಿನಗೂ ಸಮುದ್ರ ಅಂದ್ರೆ ಇಷ್ಟ ಅಲ್ವಾ, ಸರಿ ಹಾಗಾದ್ರೆ." ಪ್ರಶ್ನೆಯೂ ಅವನದೇ, ಉತ್ತರವೂ ಅವನದೇ. ಅಲ್ಲಿ ಮೇಲಿನ ಮಹಡಿಯಲ್ಲಿರುವ ಅಕ್ಕ, ಮಂಗಳವಾರ ಹೊಲಿಗೆ ಕಲಿಯಲು ಬರುವ ಹೆಂಗಸರು, ಇವರನ್ನೆಲ್ಲ ಬಿಟ್ಟು ಬರಬೇಕು. ಆದರೆ ಸಮುದ್ರ ಅವಳಿಗೆ ಇಷ್ಟ ಎನ್ನುವುದೂ ಸುಳ್ಳಲ್ಲ. ತನಗೇನು ಬೇಕೋ ಅವಳಿಗೇ ಗೊತ್ತಾಗದೆ ನೀರಿಗಿಳಿದಿದ್ದಳು.

ಅಷ್ಟರಲ್ಲಿ ಗದ್ದಲವಾಯಿತು. ಜೋಡಿ ಉಂಗುರಗಳಿಗೆ ಕಟ್ಟಿದ ರಿಬ್ಬನ್ ಕತ್ತರಿಸಿ ನಿಶ್ಚಿತಾರ್ಥ ಮುಗಿಸಬೇಕಾಗಿದ್ದ ಹಿರಿಯರು ಅಲೆಗೆ ತಲೆಸುತ್ತಿ ಒಳಗೆ ಮಲಗಿಬಿಟ್ಟಿದ್ದರಂತೆ. ಹುಡುಗಿಯ ಅಜ್ಜಿ ಕೋಲೂರಿಕೊಂಡು ಬಂದು ನಿಗಾರಳ ಮುಖಕ್ಕೆ ಮುಖ ತಂದರು.

"ಮದುವೆಯಾಗಿ ಎಷ್ಟು ವರ್ಷ ಆಯ್ತಮ್ಮ ನಿನಗೆ?"

"ಇಪ್ಪತ್ತೊಂಬತ್ತು."

"ಕತ್ತರಿಸೋರು ಸುಖವಾಗಿ ಬಾಳಿದವರಾಗಿರ್ಬೇಕು. ಸುಖವಾಗಿದ್ದೀಯ ತಾನೆ?"

ನಿಗಾರ್ ಬಾಯಲ್ಲಿದ್ದ ಅನ್ನವನ್ನು ನುಂಗುವುದಕ್ಕೆ ಹೊತ್ತು ತೆಗೆದುಕೊಂಡಳು. ಅಜ್ಜಿ ಅದನ್ನೇ ಹೌದು ಎಂದುಕೊಂಡು ಅವಳ ಕೈಗೆ ಕತ್ತರಿ ಕೊಟ್ಟೇಬಿಟ್ಟರು.

ಹುಡುಗ ಹುಡುಗಿ ಎದುರಿಗೆ ಬಂದು ನಿಂತರು. ಇಬ್ಬರ ಬೆರಳಿನ ಉಂಗುರಗಳ ನಡುವೆ ಕೆಂಪು ರಿಬ್ಬನ್ ತೂಗುತ್ತಿತ್ತು. ನಿಗಾರ್ ಕತ್ತರಿ ಬಾಯಿ ತೆರೆದಳು. ಮುಂದಕ್ಕೆ ಕೈ ಹೋಗಲಿಲ್ಲ. ಪರರ ಮನೆಯ ಶುಭಕಾರ್ಯ, ತಾನು ಯಾರೋ, ಅಜ್ಜಿ ಕೇಳಿದ್ದಕ್ಕೆ ಉತ್ತರವನ್ನೂ ಕೊಟ್ಟಿಲ್ಲ.

"ಕತ್ತರಿ ಮೊಂಡು! ಕತ್ತರಿ ಮೊಂಡು!" ಎಂದು ಹೆಂಗಸರು ಚಪ್ಪಾಳೆ ತಟ್ಟಿದರು. ಹುಡುಗನ ಅಪ್ಪ ತಟ್ಟೆಗೆ ಕಾಣಿಕೆ ಹಾಕುವವರೆಗೂ ಕತ್ತರಿಸಲಾಗದವರಂತೆ ನಟಿಸುವುದು ಸಂಪ್ರದಾಯ. ಅವನು ನಗುತ್ತ ನೋಟು ಹಾಕಿದ. ಅವಳ ಕೈ ಇನ್ನೂ ಗಾಳಿಯಲ್ಲೇ ಇತ್ತು.

"ಇನ್ನೂ ಸಾಣೆ ಆಗಿಲ್ಲ ಕಣಯ್ಯಾ, ಕೈ ಬಿಚ್ಚು!" ಎಂದರು ಅಜ್ಜಿ. "ಭಲೇ ಗಟ್ಟಿಗಿತ್ತಿ ಇವಳು!"

"ನಿಗಾರ್!"

ಏಣಿಯ ಕಡೆಯಿಂದ ಫೆರ್ರುಹ್ ಹತ್ತಿ ಬಂದ, ಏದುಸಿರು ಬಿಡುತ್ತ. ಅವಳ ಕನ್ನಡಕ ದಾರದಲ್ಲಿ ಅವನ ಕುತ್ತಿಗೆಗೆ ನೇತುಬಿದ್ದಿತ್ತು. "ಎಷ್ಟು ಕೂಗಿದೆ ಗೊತ್ತೇನೇ! ಮುಳುಗೇ ಹೋದೆ ಅಂದ್ಕೊಂಡೆ. ಧುಮುಕೋವಾಗ ನನ್ನ ಕನ್ನಡಕ ನೀರುಪಾಲಾಯ್ತು, ನಿನ್ನದೊಂದು ಉಳೀತು." ಆಮೇಲೆ ಜನರನ್ನು ಕಂಡು ಸಾವರಿಸಿಕೊಂಡ. "ಏನಿದು? ಕತ್ತರಿಸ್ಬೇಕಾ? ಕೊಡು ಇಲ್ಲಿ, ನಾನು ಕತ್ತರಿಸ್ತೀನಿ."

ನಿಗಾರ್ ಕತ್ತರಿ ಕೊಡಲಿಲ್ಲ. ಅವನ ಕುತ್ತಿಗೆಯಿಂದ ಕನ್ನಡಕ ಬಿಡಿಸಿ ಹಾಕಿಕೊಂಡಳು. ನೀರಹನಿಗಳ ನಡುವೆ ಹುಡುಗಿಯ ಮುಖ ಮೊದಲ ಸಲ ಕಂಡಿತು. ಮೂಗಿನ ಮೇಲೆ ಬೆವರು, ಕಣ್ಣು ಅಗಲ. ಇಪ್ಪತ್ತಮೂರು ದಾಟಿರಲಿಕ್ಕಿಲ್ಲ.

"ಕತ್ತರಿಸ್ಲಾ ಮಗಳೇ?" ಎಂದು ಅವಳಿಗಷ್ಟೇ ಕೇಳುವಂತೆ ಕೇಳಿದಳು.

ಹುಡುಗಿ ತಬ್ಬಿಬ್ಬಾದಳು. ಇದನ್ನು ಯಾರಾದರೂ ಕೇಳುತ್ತಾರೆಂದು ಅವಳು ಎಣಿಸಿರಲಿಲ್ಲ. ಪಕ್ಕದ ಹುಡುಗನನ್ನು ನೋಡಿದಳು, ಮತ್ತೆ ನಿಗಾರಳನ್ನು ನೋಡಿದಳು. ಆಮೇಲೆ ಮೆಲ್ಲಗೆ ನಕ್ಕು, "ಹೂಂ, ಕತ್ತರಿಸಿ ಚಿಕ್ಕಮ್ಮ" ಎಂದಳು.

ಕತ್ತರಿ ಚೆನ್ನಾಗಿಯೇ ಹರಿತವಾಗಿತ್ತು.

ಕ್ಲಾರಿನೆಟ್ಟು ಶುರುವಾಯಿತು. ಕೆನ್ನೆಗಳಿಗೆ ಮುತ್ತಿನ ಮಳೆ, ಮಿಠಾಯಿ, ಫೆರ್ರುಹ್‌ನ ಕೈಗೂ ಒಂದು ತಟ್ಟೆ. ಅವನು ಅದನ್ನು ಹಿಡಿದುಕೊಂಡೇ ಹೆಂಡತಿಯ ಹತ್ತಿರ ಸರಿದ. "ಇವರೆಲ್ಲ ಯಾರೇ?"

"ಗೊತ್ತಿಲ್ಲ."

"ಸರಿ, ಹೋಗೋಣ. ಸಂಜೆ ಆ ಮನೆ ಮಾಲೀಕರ ಹತ್ರ ಹೋಗೋದಿದೆ, ಒಪ್ಪಿಗೆ ಅಂತ…"

"ಹೆಂಡತೀನ ಇನ್ನೂ ಕೇಳಿಲ್ಲ ಅಂತ ಹೇಳಿ."

"ಬೆಳಿಗ್ಗೆ ಕೇಳಿದ್ನಲ್ಲ!"

ನಿಗಾರ್ ಟವೆಲನ್ನು ಮಡಿಚಿ ಅಜ್ಜಿಯ ಪಕ್ಕ ಇಟ್ಟು ಏಣಿಯ ಕಡೆ ನಡೆದಳು. ಫೆರ್ರುಹ್ ಹಿಂದೆ ಬಂದು ಕಟಾಂಜನ ಹಿಡಿದು, ಕಣ್ಣು ಕಿರಿದು ಮಾಡಿ ನೀರಿನಾಚೆ ನೋಡಿದ. ಬಿಳಿ, ನೀಲಿ, ಮತ್ತೆ ಬಿಳಿ.

"ನಿಗಾರ್, ನಮ್ಮ ದೋಣಿ ಯಾವುದೇ?"

ಅವಳಾಗಲೇ ನೀರಿಗಿಳಿದಿದ್ದಳು. ಕನ್ನಡಕ ನೆನೆಯದಂತೆ ಗಲ್ಲ ಮೇಲೆತ್ತಿ ನಿಧಾನವಾಗಿ ಕೈ ಬೀಸುತ್ತ ಹೋದಳು. ಅವನೂ ಇಳಿದು ಹಿಂದೆ ಬಂದ. ನಡುನೀರಿನಲ್ಲಿ ಅವಳು ಒಮ್ಮೆ ನಿಂತಳು, ಅವನೂ ನಿಂತ. ಅವಳು ಎಡಕ್ಕೆ ತಿರುಗಿದಳು. ಬಲಕ್ಕೆ ಹೊರಟಿದ್ದವನು ಒಂದು ಗಳಿಗೆ ತಡೆದು, ಎಡಕ್ಕೆ ತಿರುಗಿದ.