ಗೇಜಾ ಸಾಂತೋ ಅವರ ಕಿವಿ

ಗೇಜಾ ಸಾಂತೋ ಸಂಗೀತ ಕೇಳಲು ಕೂರುವವರಲ್ಲ, ನಿಲ್ಲುವವರು. ಕೈಗಡಿಯಾರ ಬಿಚ್ಚಿ ಅಡುಗೆಮನೆಗೆ ಸಾಗಿಸಿ, ಗೋಡೆ ಗಡಿಯಾರದ ಲೋಲಕವನ್ನು ಎರಡು ಬೆರಳಲ್ಲಿ ಹಿಡಿದು ನಿಲ್ಲಿಸಿ, ರೇಡಿಯೋ ಕೇಂದ್ರದಲ್ಲಿ ಮೂವತ್ತೆರಡು ವರ್ಷ ತೊಟ್ಟ ಬೂದು ಕೋಟಿನ ಗುಂಡಿಗಳನ್ನು ಕತ್ತಿನವರೆಗೆ ಹಾಕಿಕೊಂಡು, ಕಾಳು ಕಂಡ ಕೋಳಿಯ ಹಾಗೆ ತಲೆಯನ್ನು ಎಡಕ್ಕೆ ವಾಲಿಸಿದರೆಂದರೆ, ಆಮೇಲೆ ಮನೆಯಲ್ಲಿ ಯಾರೂ ಉಸಿರೆತ್ತುವಂತಿಲ್ಲ. ಅವರ ಹೆಂಡತಿ ಪಿರೊಷ್ಕಾ ಇಗರ್ಜಿಯ ಗಂಟೆ ನಂಬಿ ಒಲೆ ಹಚ್ಚುತ್ತಾರೆ.

ಅವರ ಕೆಳಗಿನ ಮಹಡಿಯಲ್ಲಿ ನಾನಿರುವುದರಿಂದ, ಸೆಗೆಡ್ ಪಟ್ಟಣದಲ್ಲಿ ಚೆಲ್ಲೋ ವಾದ್ಯದ ಒಂದೇ ತುಣುಕನ್ನು ಒಂದೇ ಮಧ್ಯಾಹ್ನ ಹದಿನೇಳು ಸಲ ಕೇಳಿದ ಇನ್ನೊಬ್ಬ ಹೆಂಗಸು ಇರಲಾರಳು. ಅಂಕಿಗಳಾಗಿ ಕೂಡಿಟ್ಟ ಸಂಗೀತವನ್ನು ಮತ್ತೆ ನಾದವಾಗಿಸುವ ಪುಟ್ಟ ಪೆಟ್ಟಿಗೆಗೆ ಅವರು ಡ್ಯಾಕ್ ಎನ್ನುತ್ತಾರೆ. ಯಾರು ಹೊಸದೊಂದನ್ನು ತಂದರೂ ತೀರ್ಪು ಗೇಜಾರದು. ಎರಡು ಪೆಟ್ಟಿಗೆಗಳ ಸದ್ದಿನ ಮಟ್ಟವನ್ನು ಮೀಟರಿನಿಂದ ಸಮ ಮಾಡದೆ ಹೋಲಿಸುವವನನ್ನು ಅವರು ಮನುಷ್ಯರ ಲೆಕ್ಕಕ್ಕೇ ಸೇರಿಸುತ್ತಿರಲಿಲ್ಲ.

ಕಳೆದ ವಸಂತದಲ್ಲಿ, ಬೀಗ ರಿಪೇರಿಯ ಕಾಲ್ಮಾನ್ ತಾನೇ ಬೆಸುಗೆ ಹಾಕಿ ಮಾಡಿದ ಡ್ಯಾಕ್ ಒಂದನ್ನು ತಂದ. ಗೇಜಾ ಕೇಳಿ, "ಇದರಲ್ಲಿ ಚೆಲ್ಲೋಗೆ ಮೈಯುಂಟು ಕಣೋ. ನನ್ನದು ಇದರ ಮುಂದೆ ಬರೀ ನೆರಳು" ಎಂದುಬಿಟ್ಟರು. ಕಾಲ್ಮಾನ್ ಒಂದು ವಾರ ನೆಲಕ್ಕೆ ಕಾಲು ತಾಗಿಸದೆ ಓಡಾಡಿದ.

ಮರುಶನಿವಾರ ಮತ್ತೊಮ್ಮೆ ಪರೀಕ್ಷೆ. ಈ ಸಲ ಪಿರೊಷ್ಕಾ ಪರದೆಯ ಹಿಂದೆ ಕೂತು, ತೋಚಿದ ಪೆಟ್ಟಿಗೆಗೆ ಸ್ವಿಚ್ ತಿರುಗಿಸಬೇಕು. ಗೇಜಾ ಯಾವುದೆಂದು ಹೇಳಬೇಕು. ಹತ್ತರಲ್ಲಿ ಐದು ಸರಿ ಬಂತು. ನಾಣ್ಯ ಚಿಮ್ಮಿದ್ದರೂ ಅಷ್ಟು ಬರುತ್ತಿತ್ತು. ಚಹಾಕ್ಕೆಂದು ಮೇಲೆ ಹೋಗಿದ್ದ ನಾನು ನೋಡುತ್ತಿದ್ದಂತೆ ಗೇಜಾ ಕೋಟಿನ ಮೇಲಿನ ಗುಂಡಿ ಬಿಚ್ಚಿದರು.

"ಕಿವಿ ಹೋಯ್ತು. ಸೋಮವಾರ ಇಗರ್ಜಿಯ ಗಾಯನವೃಂದದವರಿಗೆ ಹೇಳ್ಬಿಡ್ತೀನಿ, ಅವರ ಧ್ವನಿಮುದ್ರಣಕ್ಕೆ ನನ್ನ ಬದಲು ಬೇರೆಯವರನ್ನ ನೋಡ್ಕೊಳ್ಳಲಿ."

"ವಯಸ್ಸು ಯಾರನ್ನ ಬಿಟ್ಟಿದೆ ಗೇಜಾ ಮಾಮ" ಎಂದ ಕಾಲ್ಮಾನ್.

"ನೀನು ಬಾಯಿ ಮುಚ್ಚು" ಎಂದು ಪಿರೊಷ್ಕಾ ಪರದೆ ಸರಿಸಿ ಬಂದರು. "ಅಲ್ಲ ಕಣ್ರೀ, ಇವತ್ತು ಮೀಟರ್ ಹಿಡ್ಕೊಂಡು ಇವನ ಪೆಟ್ಟಿಗೆ ಸದ್ದು ಇಷ್ಟು ಇಳಿಸಿದ್ರಲ್ಲ, ಹೋದ ವಾರ ಯಾಕೆ ಇಳಿಸ್ಲಿಲ್ಲ?"

"ಹೋದ ವಾರ ಮೀಟರಿನ ಸೆಲ್ ಸತ್ತಿತ್ತು. ಕಿವೀಲೇ ಸಮ ಮಾಡ್ಕೊಂಡೆ..." ಎಂದವರು ಅಲ್ಲಿಗೇ ನಿಂತರು.

ಕಾಲ್ಮಾನ್‌ನ ಡ್ಯಾಕ್ ತುಸು ಜೋರಾಗಿ ನುಡಿಯುವಂಥದು. ಜೋರಾದದ್ದು ಕಿವಿಗೆ ಚೆಂದವೆನಿಸುತ್ತದೆಂದು ಊರಿಗೆಲ್ಲ ಪಾಠ ಹೇಳಿದವರು ತಾವೇ ಅದಕ್ಕೆ ಬಿದ್ದಿದ್ದರು. ಗೇಜಾ ಆ ಪೆಟ್ಟಿಗೆಯ ಸದ್ದನ್ನು ಹೋದ ವಾರದಷ್ಟಕ್ಕೇ ಏರಿಸಿ ಪಿರೊಷ್ಕಾರನ್ನು ಮತ್ತೆ ಪರದೆಯ ಹಿಂದಕ್ಕೆ ಅಟ್ಟಿದರು. ಹತ್ತಕ್ಕೆ ಹತ್ತು! ಮೀಟರ್ ಹಿಡಿದು ಇಳಿಸಿದರು. ಮತ್ತೆ ಎರಡಕ್ಕೂ ಒಂದೇ ದನಿ. ಕಿವಿ ಹೋಗಿರಲಿಲ್ಲ; ಸದ್ದು ಸಮವಾದರೆ ಪೆಟ್ಟಿಗೆಗಳಲ್ಲೇ ವ್ಯತ್ಯಾಸವಿರಲಿಲ್ಲ. ಎಪ್ಪತ್ತೊಂದರ ಆ ಮನುಷ್ಯ ನೆಲದ ಮೇಲೆ ಕುಕ್ಕರುಬಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

"ಕತ್ತೆ ನಾನು, ಪಿರಿ! ಶುದ್ಧ ಕತ್ತೆ!"

"ಅದು ಮದುವೆಯಾದ ವರ್ಷವೇ ಗೊತ್ತಾಗಿತ್ತು" ಎಂದರು ಪಿರೊಷ್ಕಾ.

"ಹಾಗಾದ್ರೆ ನನ್ನ ಪೆಟ್ಟಿಗೆ?" ಕಾಲ್ಮಾನ್‌ನ ಮುಖ ಸಣ್ಣಗಾಗಿತ್ತು.

"ನನ್ನದರಷ್ಟೇ ಚೆನ್ನಾಗಿದೆ ಮಾರಾಯ. ಬೀಗದವನಿಗೆ ಇನ್ನೇನು ಬೇಕು?"

ತಾನು ತಪ್ಪಿದ್ದೇನೆಂದು ತಿಳಿದು ಇಷ್ಟು ಹಗುರಾದ ವಿದ್ವಾಂಸನನ್ನು ನಲವತ್ತು ವರ್ಷದ ಅಧ್ಯಾಪನದಲ್ಲಿ ನಾನು ಕಂಡಿಲ್ಲ. ನಮ್ಮಂಥವರು ಪಾಂಡಿತ್ಯ ಉಳಿಸಿಕೊಳ್ಳಲು ತಪ್ಪನ್ನು ಮುಚ್ಚುತ್ತೇವೆ. ಒಂದೇ ಇಂದ್ರಿಯವನ್ನು ಸಾಣೆ ಹಿಡಿಯುತ್ತ ಬದುಕು ಸವೆಸಿದವರ ಕುಲ ಬೇರೆ: ಮರ್ಯಾದೆ ಹೋದರೆ ಹೋಗಲಿ, ಆ ಇಂದ್ರಿಯವೆಂಬ ಉಪಕರಣ ಉಳಿದರೆ ಸಾಕು ಎನ್ನುವವರು ಅವರು. ತಪ್ಪನ್ನು ಮರುದಿನ ತಿದ್ದಿಕೊಳ್ಳಬಹುದು; ಹೋದ ಕಿವಿ ಮರಳುವುದಿಲ್ಲವೆಂಬುದು ಅವರಿಗೆ ಗೊತ್ತು.